ಮೊದಲ ಮೂರು ಹಾಡು

ಕ್ಲೈವ್ ಪೆಂಡ್ರಿ ಮೂವತ್ತು ವರ್ಷಗಳಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ಸಂಗೀತ ಕಾರ್ಯಕ್ರಮಗಳಿಗೆ ಹೋಗಿದ್ದ. ಅವುಗಳಲ್ಲಿ ಒಂದನ್ನೂ ಪೂರ್ತಿ ಕೇಳಿರಲಿಲ್ಲ. ಇದು ತನ್ನ ಕೊರತೆ ಎಂದು ಅವನಿಗೆ ಎಂದೂ ಅನ್ನಿಸಿರಲಿಲ್ಲ. ಯೋಗ್ಯತೆ ಎಂದೇ ಅಂದುಕೊಂಡಿದ್ದ.

ಅವನ ಕಸುಬು ಹಲ್ಲು ಕಟ್ಟುವುದು. ನ್ಯೂಕ್ಯಾಸಲ್‌ನ ಮೂರು ನಾಲ್ಕು ದಂತವೈದ್ಯರು ಕಳಿಸುತ್ತಿದ್ದ ಅಚ್ಚುಗಳನ್ನು ಮುಂದಿಟ್ಟುಕೊಂಡು, ಮನೆಯ ಹಿಂದಿನ ಶೆಡ್ಡಿನಲ್ಲಿ ಕೂತು, ಉಕ್ಕಿನ ಕಾರ್ಖಾನೆಯವರಿಗೂ ಗಣಿಯವರಿಗೂ ಅವರ ವಿಧವೆಯರಿಗೂ ಮೇಲ್ಸಾಲು ಕೆಳಸಾಲು ಮಾಡಿಕೊಡುತ್ತಿದ್ದ. ಒಳ್ಳೆಯ ಕೆಲಸಗಾರ. ಅವನು ಕಟ್ಟಿದ ಹಲ್ಲು ಸೇಬು ಕಚ್ಚಿದರೂ ಅಲುಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ, ಏಕೆಂದರೆ ಮುಂದೆ ಅವನನ್ನು ಹೊಗಳುವಂಥದ್ದು ಹೆಚ್ಚೇನೂ ಬರುವುದಿಲ್ಲ.

ಆದರೆ ಹಲ್ಲಿನ ಮೇಲೆ ಕಟ್ಟಿದವನ ಹೆಸರು ಇರುವುದಿಲ್ಲ. ಹಾಕಿಕೊಂಡವರು ಅದು ಹುಟ್ಟಿನಿಂದ ಬಂದದ್ದು ಎಂದು ನಂಬಿಸಲು ಹೆಣಗುತ್ತಾರೆಯೇ ಹೊರತು, ಇಂಥವನು ಮಾಡಿದ್ದು ಎಂದು ಬಾಯಿ ತೆರೆದು ತೋರಿಸುವುದಿಲ್ಲ. ನಲವತ್ತು ವರ್ಷ ಊರಿನ ಅರ್ಧ ಜನ ಅವನ ಹಲ್ಲಿನಲ್ಲಿ ನಗುತ್ತಿದ್ದರು, ಅವನನ್ನು ಕಂಡರೆ ಮಾತ್ರ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಎಲ್ಲಾದರೂ ಒಂದು ಕಡೆ, ನಾಲ್ಕು ಜನ ಓದುವಂತೆ, ತನ್ನ ಹೆಸರು ಇರಬೇಕು ಎಂಬ ಆಸೆ ಕ್ಲೈವ್‌ನ ಎದೆಯಲ್ಲಿ ಕೂತುಬಿಟ್ಟಿತು. ಆಸೆಗೆ ಕ್ಯಾಮೆರಾ ಸಿಕ್ಕಿತು.

ಅವನ ನಡುವಯಸ್ಸಿನಲ್ಲಿ ಒಮ್ಮೆ, ಒಬ್ಬ ಗಿರಾಕಿಯ ತಮ್ಮನ ದಯೆಯಿಂದ, ಸಿಡ್ನಿಯ ಒಂದು ದೊಡ್ಡ ಸಭಾಂಗಣದ ಕಾರ್ಯಕ್ರಮಕ್ಕೆ ಫೋಟೋ ತೆಗೆಯುವವರ ಪಾಸು ದೊರೆಯಿತು. ಅಲ್ಲಿ ವೇದಿಕೆಗೂ ಜನಕ್ಕೂ ನಡುವೆ ಕಬ್ಬಿಣದ ಬೇಲಿ. ಬೇಲಿಯೊಳಗೆ ಪತ್ರಿಕೆಯವರು ಹತ್ತು ಹದಿನೈದು ಮಂದಿ. ಅವರಿಗೊಂದು ಕಟ್ಟುಪಾಡು: ಮೊದಲ ಮೂರು ಹಾಡು ಮಾತ್ರ, ಫ್ಲ್ಯಾಶ್ ಇಲ್ಲ. ಮೂರನೆಯ ಹಾಡು ಮುಗಿದ ಕೂಡಲೇ ಕಾವಲಿನವರು ಬಂದು ಎಲ್ಲರನ್ನೂ ಕುರಿಗಳಂತೆ ಹೊರಗೆ ಅಟ್ಟುತ್ತಾರೆ. ಇದು ಹಾಡುಗಾರರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ವ್ಯವಸ್ಥೆ. ಬೆವರಿ ಮುಖದ ಬಣ್ಣ ಇಳಿಯುವ ಮೊದಲು ಫೋಟೋ ಮುಗಿದಿರಲಿ ಎಂದಷ್ಟೇ ಅದರ ಅರ್ಥ. ಕ್ಲೈವ್ ಮಾತ್ರ ಅದರಲ್ಲಿ ದೀಕ್ಷೆ ಕಂಡ. ಹೊರಗೆ ಅಟ್ಟಿಸಿಕೊಂಡವರಲ್ಲಿ ತಾನೂ ಒಬ್ಬ ಎಂಬ ಹೆಮ್ಮೆಯಲ್ಲಿ ಊರಿಗೆ ಬಂದ. ಅಂದಿನಿಂದ ಎಲ್ಲೇ ಹೋಗಲಿ, ಮೂರು ಹಾಡು ಮುಗಿಯಿತೆಂದರೆ ಕ್ಯಾಮೆರಾಕ್ಕೆ ಮುಚ್ಚಳ ಹಾಕಿ ಎದ್ದುಬಿಡುತ್ತಿದ್ದ.

ಅವನು ಹೋಗುತ್ತಿದ್ದುದಾದರೂ ಎಲ್ಲಿಗೆ? ಹೆಚ್ಚಿನ ಪಾಲು ನಮ್ಮೂರು ಕುರಾಬಾದ ಬೌಲಿಂಗ್ ಕ್ಲಬ್ಬಿಗೆ, ನಮ್ಮೆಲ್ಲರ ಬೌಲೋಗೆ. ಹೊರಗೆ ಹಸಿರು ಹುಲ್ಲಿನ ಮೇಲೆ ಬಿಳಿ ಟೋಪಿಯ ಮುದುಕರು ಚೆಂಡು ಉರುಳಿಸುತ್ತಾರೆ. ಒಳಗೆ ಎಂಬತ್ತು ಕುರ್ಚಿ, ಮೊಣಕಾಲೆತ್ತರದ ವೇದಿಕೆ. ಭಾನುವಾರ ಮಧ್ಯಾಹ್ನ ಎರಡಕ್ಕೆ ಹಾಡು ಶುರುವಾದರೆ ಐದಕ್ಕೆ ಮುಗಿಯುತ್ತದೆ. ನಡುವೆ ಲಾಟರಿ, ಗೆದ್ದವರಿಗೆ ಒಂದು ತಟ್ಟೆ ಹಸಿಮಾಂಸ. ಬೇಲಿಯಿಲ್ಲ, ಕಾವಲಿಲ್ಲ, ಪಾಸೂ ಇಲ್ಲ. ಕ್ಲೈವ್ ಕಪ್ಪು ಷರಟು ಕಪ್ಪು ಪ್ಯಾಂಟು ತೊಟ್ಟು, ವೇದಿಕೆಯ ಮುಂದೆ ಮಂಡಿಯೂರಿ, ಹಿಂದಿನವರ ನೋಟಕ್ಕೆ ಅಡ್ಡವಾಗಿ, ಮೂರು ಹಾಡಿಗೆ ಆರುನೂರು ಚಿತ್ರ ತೆಗೆಯುತ್ತಿದ್ದ. ಆಮೇಲೆ ಜೂಜಿನ ಯಂತ್ರಗಳ ಹಿಂದಿನ ಮೂಲೆಯ ಮೇಜಿಗೆ ಹೋಗಿ, ಕ್ಯಾಮೆರಾದ ಬೆನ್ನಿನ ಪರದೆಗೆ ಮೂಗು ತಾಗಿಸಿ, ತೆಗೆದ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಕೂರುತ್ತಿದ್ದ. ಹತ್ತು ಹೆಜ್ಜೆ ದೂರದಲ್ಲಿ ಜೀವಂತ ಮನುಷ್ಯರು ಹಾಡುತ್ತಿದ್ದರು. ಅವನು ಆ ಮನುಷ್ಯರ ಹೆಬ್ಬೆರಳಿನಷ್ಟು ಚಿತ್ರವನ್ನು ದೊಡ್ಡದು ಮಾಡಿ ಹಲ್ಲು ಸ್ಪಷ್ಟವಾಗಿ ಬಂದಿದೆಯೇ ಎಂದು ಪರೀಕ್ಷಿಸುತ್ತಿದ್ದ. ಹಾಡು ಕೇಳಿದ ಪಾಲು ಅವನ ಹೆಂಡತಿ ನೊಲೀನಳದು. ಅವಳು ನಾಲ್ಕನೆಯ ಸಾಲಿನಲ್ಲಿ, ಪಕ್ಕದ ಖಾಲಿ ಕುರ್ಚಿಯ ಮೇಲೆ ಕೈಚೀಲವಿಟ್ಟುಕೊಂಡು, ಇಪ್ಪತ್ತೆರಡು ವರ್ಷ ಒಬ್ಬಳೇ ಕೂತು ಕೇಳಿದ್ದಳು.

ತಾನು ಪಾಲಿಸಿದರೆ ಸಾಲದು, ಉಳಿದವರೂ ಪಾಲಿಸಬೇಕು ಎಂದು ಕ್ಲೈವ್‌ಗೆ ಅನ್ನಿಸಿದ್ದು ಫೋನಿನಲ್ಲಿ ಕ್ಯಾಮೆರಾ ಬಂದ ಮೇಲೆ. ಕಂಡಕಂಡವರು ಕಂಡಕಂಡ ಹಾಡಿಗೆ ಫೋನು ಎತ್ತುತ್ತಿದ್ದರು. ಅವನು ಒಂದು ಹಾಳೆ ಟೈಪು ಮಾಡಿ, ಪ್ಲಾಸ್ಟಿಕ್ ಹೊದಿಕೆ ಹಾಕಿಸಿ, ವೇದಿಕೆಯ ಪಕ್ಕದ ಕಂಬಕ್ಕೆ ಅಂಟಿಸಿದ: "ಫೋಟೋ ತೆಗೆಯುವವರ ಗಮನಕ್ಕೆ. ಮೊದಲ ಮೂರು ಹಾಡು ಮಾತ್ರ. ಫ್ಲ್ಯಾಶ್ ಬೇಡ. ಇದಕ್ಕೆ ವಿನಾಯಿತಿ ಇಲ್ಲ." ಕ್ಲಬ್ಬಿನ ಅಧ್ಯಕ್ಷ ಮರ್ವ್ ಟ್ರಾಂಟರ್ ಅದನ್ನು ಓದದೆಯೇ ಸಹಿ ಹಾಕಿದ. ಅವನು ಅಧ್ಯಕ್ಷನಾಗಿ ಉಳಿದದ್ದೇ ಹಾಗೆ.

ಆ ಹಾಳೆಯ ಬಿಸಿ ಹೆಚ್ಚಾಗಿ ತಟ್ಟಿದ್ದು ಶ್ಯಾರನ್ ಫರೂಜಾಗೆ. ಶ್ಯಾರನ್ ಮಾಂಸದಂಗಡಿಯವಳು, ಲಾಟರಿ ನಡೆಸುವವಳು, ದನಿ ಕಡಲಾಚೆಗೂ ಕೇಳುವಂಥದ್ದು. ಒಂದು ಭಾನುವಾರ ಆರನೆಯ ಹಾಡಿನಲ್ಲಿ ಅವಳು ಕೂತಲ್ಲಿಂದಲೇ ಫೋನು ಎತ್ತಿದಾಗ, ಕ್ಲೈವ್ ಮೂಲೆಯಿಂದ ಎದ್ದು ಬಂದು ಅವಳ ಹೆಗಲು ತಟ್ಟಿದ.

"ಮೂರು ಹಾಡು ಆಯ್ತು ಶ್ಯಾರನ್."

"ಆಯ್ತು, ಅದಕ್ಕೆ? ಫ್ಲ್ಯಾಶೂ ಇಲ್ಲ ಏನೂ ಇಲ್ಲ. ನಮ್ಮಮ್ಮನಿಗೆ ಕಳಿಸೋಕೆ ಒಂದು ತಕ್ಕೊಳ್ತಿದೀನಿ ಕಣೋ."

"ನಿಯಮ ಅಂದ್ರೆ ನಿಯಮ. ನಾನೂ ಪಾಲಿಸ್ತೀನಿ."

"ನೀನು ಪಾಲಿಸ್ತೀಯ, ಗೊತ್ತು. ಒಳ್ಳೇ ಹಾಡು ಶುರುವಾಗೋ ಹೊತ್ತಿಗೆ ಎದ್ದುಹೋಗೋ ಗಂಡಸು ಇಡೀ ಊರಲ್ಲಿ ನೀನೊಬ್ನೇ."

ಸುತ್ತಲಿನವರು ನಕ್ಕರು. ಆದರೂ ಶ್ಯಾರನ್ ಫೋನು ಇಳಿಸಿದಳು. ಆ ದಿನ ತಾನು ಗೆದ್ದೆ ಎಂದು ಕ್ಲೈವ್ ನಂಬಿದ್ದ.

ಡಲ್ಸಿ ಹ್ಯಾಡ್ರಿಕ್ ಆ ವೇದಿಕೆಯ ಒಡತಿಯಂತಿದ್ದವಳು. ಎಪ್ಪತ್ನಾಲ್ಕು ವಯಸ್ಸು, ಎತ್ತರದ ಆಳು, ಮೂವರ ವಾದ್ಯಮೇಳ. ಬೌಲೋದಲ್ಲಿ ಇಪ್ಪತ್ತೆರಡು ವರ್ಷ, ತಿಂಗಳಿಗೊಂದು ಭಾನುವಾರ ತಪ್ಪದೆ ಹಾಡಿದ್ದಳು. ಅವಳ ಮೇಲ್ಸಾಲಿನ ಹಲ್ಲು ಕ್ಲೈವ್ ಕಟ್ಟಿದ್ದು. ಆ ಗುಟ್ಟನ್ನು ಮುಚ್ಚಿಡದ ಒಬ್ಬಳೇ ಗಿರಾಕಿ ಅವಳು. "ಕ್ಲೈವ್ ಯಾಕೆ ಯಾವಾಗಲೂ ನನ್ನ ಬಾಯಿಗೇ ಗುರಿ ಇಡ್ತಾನೆ ಗೊತ್ತಾ? ಅವನ ಸರಕು ಹೇಗಿದೆ ಅಂತ ನೋಡ್ಕೊಳ್ತಾನೆ!" ಎಂದು ಮೈಕಿನಲ್ಲೇ ಹೇಳುತ್ತಿದ್ದಳು.

ಹಾಡುಗಾರ್ತಿಯೆಂದರೆ ಬಂದ ಕೂಡಲೇ ಹಾಡುಗಾರ್ತಿಯಲ್ಲ. ಮೊದಲ ಹಾಡಿನಲ್ಲಿ ಡಲ್ಸಿ ಧ್ವನಿವರ್ಧಕದವನಿಗೆ ಸನ್ನೆ ಮಾಡುತ್ತಿರುತ್ತಿದ್ದಳು. ಎರಡನೆಯದರಲ್ಲಿ ಕಣ್ಣು ಕಿರಿದು ಮಾಡಿ ನೆಲದ ಮೇಲೆ ಅಂಟಿಸಿದ ಹಾಡಿನ ಪಟ್ಟಿ ಓದುತ್ತಿದ್ದಳು. ಮೂರನೆಯದರಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಐದಾರು ಹಾಡಿನ ಮೇಲೆ ಹೆಗಲು ಇಳಿದು, ಕುತ್ತಿಗೆ ಸಡಿಲವಾಗಿ, ಆ ದೊಡ್ಡ ಹೆಂಗಸು ಬೇರೆಯೇ ಒಬ್ಬಳಾಗುತ್ತಿದ್ದಳು. ಕೊನೆಗೆ ದೋಣಿಕಟ್ಟೆಯ ಹಾಡು, ಅವಳೇ ಕಟ್ಟಿದ್ದು. ಕೆಲಸ ಮುಗಿಸಿ ಕೊನೆಯ ದೋಣಿ ಹಿಡಿಯಲು ಓಡುವ ಹೆಂಗಸೊಬ್ಬಳ ಹಾಡು. ಹಿಂದೊಮ್ಮೆ ಅದನ್ನು ಹಾಡುವಾಗ ಅವಳ ಚಪ್ಪಲಿಯ ಹಿಮ್ಮಡಿ ಮುರಿದು, ಎರಡನ್ನೂ ಕಳಚಿ ಎಸೆದು, ಬರಿಗಾಲಲ್ಲೇ ಹಾಡಿ ಮುಗಿಸಿದ್ದಳು. ಅಂದಿನಿಂದ ಜನ ಬಿಡಲಿಲ್ಲ. ಆ ಹಾಡು ಬಂತೆಂದರೆ ಚಪ್ಪಲಿ ಹಾರಲೇಬೇಕು. ಕುರಾಬಾದ ಮಕ್ಕಳಿಗೂ ಗೊತ್ತಿದ್ದ ಸಂಗತಿ ಅದು.

ಫೆಬ್ರುವರಿಯಲ್ಲಿ ಡಲ್ಸಿ ಇನ್ನು ಸಾಕು ಎಂದಳು. ಮಾರ್ಚಿನ ಮೊದಲ ಭಾನುವಾರವೇ ಕೊನೆ. ಕಮಿಟಿ ಸೇರಿ, ಸಭಾಂಗಣಕ್ಕೆ ಅವಳ ಹೆಸರಿಡುವುದೆಂದೂ, ವೇದಿಕೆಯ ಪಕ್ಕದ ಗೋಡೆಯಲ್ಲಿ ಅವಳ ಒಂದು ದೊಡ್ಡ ಚಿತ್ರ ತೂಗುಹಾಕುವುದೆಂದೂ ನಿರ್ಧರಿಸಿತು. ಒಂದು ಮೀಟರ್ ಎತ್ತರ, ಗಾಜಿನ ಚೌಕಟ್ಟು, ಕೆಳಗೆ ಹಿತ್ತಾಳೆಯ ಫಲಕ. ಫಲಕದಲ್ಲಿ ಅವಳ ಹೆಸರು, ಅದರ ಕೆಳಗೆ ಚಿತ್ರ ತೆಗೆದವರ ಹೆಸರು. ವಿಷಯ ತಿಳಿಸಲು ಮರ್ವ್ ತಾನೇ ಕ್ಲೈವ್‌ನ ಶೆಡ್ಡಿಗೆ ಬಂದ.

"ಬೇರೆ ಯಾರನ್ನ ಕೇಳೋದು, ನೀನೇ ಇದೀಯಲ್ಲ. ಆ ಬರಿಗಾಲಿಂದು ಬೇಕು ಕಣಯ್ಯಾ. ದೋಣಿಕಟ್ಟೆ ಹಾಡು, ತಲೆ ಹಿಂದಕ್ಕೆ, ಕೈ ಮೇಲಕ್ಕೆ. ಆ ಚಿತ್ರ ನಿನ್ನ ಹತ್ರ ನೂರು ಇರಬೇಕು, ಅಲ್ವಾ?"

"ಇದೆ" ಎಂದ ಕ್ಲೈವ್.

ಇರಲಿಲ್ಲ. ಆರಿಸಿ ಉಳಿಸಿಕೊಂಡ ಡಲ್ಸಿಯ ಹನ್ನೊಂದು ಸಾವಿರ ಚಿತ್ರ ಅವನ ಬಳಿ ಇದ್ದವು. ಮಗಳು ಮದುವೆಯಾಗಿ ಹೋದ ಮೇಲೆ ಖಾಲಿಯಾದ ಕೋಣೆಯಲ್ಲಿ, ವರ್ಷ ತಿಂಗಳು ದಿನ ಬರೆದ ಡಬ್ಬಿಗಳಲ್ಲಿ ಇಟ್ಟಿದ್ದ. ಎರಡು ದಿನ ಕೂತು ಹುಡುಕಿದ. ಸನ್ನೆ ಮಾಡುವ ಡಲ್ಸಿ, ಪಟ್ಟಿ ಓದುವ ಡಲ್ಸಿ, ನೀರು ಕುಡಿಯುವ ಡಲ್ಸಿ. ಹನ್ನೊಂದು ಸಾವಿರ ಸಲವೂ ಅವಳ ಕಾಲಲ್ಲಿ ಚಪ್ಪಲಿ ಇತ್ತು.

ನೊಲೀನ್ ಬಾಗಿಲಲ್ಲಿ ಚಹಾ ಹಿಡಿದು ನಿಂತಳು. "ಸಿಕ್ತಾ?"

"ಎಲ್ಲೋ ಇರಬೇಕು."

"ಹೇಗಿರುತ್ತೆ ಕ್ಲೈವ್? ನೀನು ಅಲ್ಲಿದ್ರೆ ತಾನೆ?"

"ಮೂರು ಹಾಡಿನ ನಂತರ ತೆಗೆಯೋದು ವೃತ್ತಿಧರ್ಮ ಅಲ್ಲ."

"ಯಾವ ವೃತ್ತಿ? ನಿನ್ನ ವೃತ್ತಿ ಹಲ್ಲು."

ಅವಳು ಚಹಾ ಇಟ್ಟು ಹೋದಳು. ಕ್ಲೈವ್ ಯೋಚಿಸಿದ. ಉಳಿದಿರುವುದು ಒಂದೇ ಒಂದು ಭಾನುವಾರ. ಆ ಭಾನುವಾರ ಚಪ್ಪಲಿ ಹಾರುವ ತನಕ ವೇದಿಕೆಯ ಮುಂದೆ ಇರಬೇಕು. ಇಲ್ಲವಾದರೆ ಗೋಡೆಯೂ ಇಲ್ಲ, ಹಿತ್ತಾಳೆಯೂ ಇಲ್ಲ. ಅಷ್ಟು ಹೊತ್ತಿಗೆ ಎಲ್ಲರೂ ಡಲ್ಸಿಯನ್ನು ನೋಡುತ್ತಿರುತ್ತಾರೆ, ತನ್ನನ್ನು ಯಾರು ಗಮನಿಸುತ್ತಾರೆ ಎಂದು ಸಮಾಧಾನ ಮಾಡಿಕೊಂಡ. ಮೂವತ್ತು ವರ್ಷ ಜನರ ಕಣ್ಣಿಗೆ ಅಡ್ಡ ಕೂತವನು ಜನ ತನ್ನನ್ನು ಗಮನಿಸುವುದಿಲ್ಲ ಎಂದುಕೊಂಡದ್ದು ದೊಡ್ಡ ಮಾತೇ.

ಆ ಭಾನುವಾರ ಎಂಬತ್ತು ಕುರ್ಚಿಗೆ ಇನ್ನೂರು ಜನ. ಕಿಟಕಿಯ ಕಟ್ಟೆ ತುಂಬಿತ್ತು. ಜೂಜಿನ ಯಂತ್ರಗಳ ಹಿಂದಿನ ಮೂಲೆಯಲ್ಲಿ ಹೊರ ಊರಿನವರು ತಮ್ಮ ಬಿಯರ್ ಲೋಟಗಳೊಡನೆ ಠಿಕಾಣಿ ಹೂಡಿದ್ದರು. ಕ್ಲೈವ್ ಕಪ್ಪು ಬಟ್ಟೆಯಲ್ಲಿ ಮುಂದೆ ಮಂಡಿಯೂರಿದ. ಮೂರು ಹಾಡಿಗೆ ಲೆಕ್ಕಕ್ಕಷ್ಟೇ ನಾಲ್ಕಾರು ಚಿತ್ರ ತೆಗೆದ. ಮೂರನೆಯದು ಮುಗಿಯಿತು. ಚಪ್ಪಾಳೆ ಬಿದ್ದಿತು. ಅವನು ಏಳಲಿಲ್ಲ.

ಡಲ್ಸಿ ನೀರಿನ ಲೋಟ ಕೆಳಗಿಟ್ಟು ನೋಡಿದಳು. ಇಪ್ಪತ್ತೆರಡು ವರ್ಷ ಆ ಹೊತ್ತಿಗೆ ಖಾಲಿಯಾಗುತ್ತಿದ್ದ ಜಾಗದಲ್ಲಿ ಇನ್ನೂ ಒಂದು ಬೋಳುತಲೆ ಇತ್ತು.

"ಕ್ಲೈವ್, ಮೂರಾಯ್ತು" ಎಂದಳು ಮೈಕಿನಲ್ಲಿ.

ಸಭೆ ನಕ್ಕಿತು. ಕ್ಲೈವ್ ಕತ್ತು ಚಾಚಿ ಏನೋ ಪಿಸುಗುಟ್ಟಿದ.

"ಏನಂದೆ? ಕೇಳಿಸಲ್ಲ. ಗಟ್ಟಿಯಾಗಿ ಹೇಳು."

"ಇವತ್ತೊಂದು ದಿನ ಇರ್ತೀನಿ ಡಲ್ಸಿ."

"ಇವತ್ತೊಂದು ದಿನವಂತೆ!" ಡಲ್ಸಿ ಜನರ ಕಡೆ ತಿರುಗಿದಳು. "ಇಷ್ಟು ವರ್ಷ ನಾಲ್ಕನೇ ಹಾಡಿಗೆ ಬೆನ್ನು ತೋರಿಸಿ ಹೋಗೋನು. ನಾನು ಅಷ್ಟು ಕೆಟ್ಟದಾಗಿ ಹಾಡ್ತೀನೇನೋ ಅಂದ್ಕೊಂಡಿದ್ದೆ. ಇವತ್ತೇನಪ್ಪಾ ಪ್ರೀತಿ ಉಕ್ತು?"

ಕಂಬದ ಬಳಿ ನಿಂತಿದ್ದ ಶ್ಯಾರನ್‌ಗೆ ಇಷ್ಟು ಸಾಕಾಯಿತು. ಮಾಂಸದ ತಟ್ಟೆಯನ್ನು ಸೊಂಟಕ್ಕೆ ಒತ್ತಿಕೊಂಡು, ಹಾಳೆಯನ್ನು ತೋರಿಸುತ್ತ, ಲಾಟರಿಯ ನಂಬರು ಕೂಗುವ ದನಿಯಲ್ಲೇ ಓದಿದಳು: "ಫೋಟೋ ತೆಗೆಯುವವರ ಗಮನಕ್ಕೆ! ಮೊದಲ ಮೂರು ಹಾಡು ಮಾತ್ರ! ಇದಕ್ಕೆ ವಿನಾಯಿತಿ..."

"ಇಲ್ಲ!" ಎಂದು ಇನ್ನೂರು ಗಂಟಲು ಪೂರ್ತಿಗೊಳಿಸಿದವು.

ಯಾರ ಮನಸ್ಸಿನಲ್ಲೂ ಕೆಡುಕಿರಲಿಲ್ಲ. ಆ ಜನರ ಪ್ರೀತಿಯೂ ತಮಾಷೆಯೂ ಒಂದೇ ಪಾತ್ರೆಯಲ್ಲಿ ಬೇಯುವಂಥದ್ದು. ಕ್ಲೈವ್ ಎದ್ದು ನಗುತ್ತ ಆ ಹಾಳೆಯನ್ನು ಕಂಬದಿಂದ ಕಿತ್ತಿದ್ದರೆ ಸಭೆ ಅವನನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿತ್ತು, ಡಲ್ಸಿ ಅವನಿಗೆ ವೇದಿಕೆಯ ಮೇಲೆಯೇ ಜಾಗ ಕೊಡುತ್ತಿದ್ದಳು. ಒಂದು ಮಾತು ಸಾಕಿತ್ತು: ತಪ್ಪಾಯ್ತು, ಆ ಹಾಳೆ ಬರೀ ಜಂಭ. ಅದು ಅವನ ಬಾಯಿಂದ ಬರಲಿಲ್ಲ.

"ನಿಯಮ ಅಂದ್ರೆ ನಿಯಮವೇ" ಎಂದ. ಕ್ಯಾಮೆರಾಕ್ಕೆ ಮುಚ್ಚಳ ಹಾಕಿ, ಹುತಾತ್ಮನ ಮುಖ ಹೊತ್ತು, ಜನರ ಮೊಣಕಾಲುಗಳ ಮೇಲೆ ಹಾದು ನಾಲ್ಕನೆಯ ಸಾಲಿಗೆ ಬಂದ. ನೊಲೀನ್ ಕೈಚೀಲ ಎತ್ತಿ ಕುರ್ಚಿ ಬಿಟ್ಟುಕೊಟ್ಟಳು.

"ಕೂತ್ಕೋ. ಈಗ ಚೆನ್ನಾಗಿರುತ್ತೆ."

ಅವನು ಹಾಗೆ ಮೊದಲ ಬಾರಿಗೆ ಡಲ್ಸಿ ಹ್ಯಾಡ್ರಿಕ್ಕಳ ನಾಲ್ಕನೆಯ ಹಾಡು ಕೇಳಿದ. ಐದನೆಯದು ಕೇಳಿದ. ಲಾಟರಿಯಲ್ಲಿ ಒಬ್ಬ ಮುದುಕನಿಗೆ ಕುರಿಮಾಂಸದ ತಟ್ಟೆ ಬಂದದ್ದನ್ನೂ ನೋಡಿದ. ಇಲ್ಲಿ ಅವನ ಹೃದಯ ಕರಗಿತು, ಕಣ್ಣು ತೆರೆಯಿತು ಎಂದು ಬರೆಯಲು ಅಡ್ಡಿಯೇನೂ ಇರಲಿಲ್ಲ, ಅದು ನಿಜವಾಗಿದ್ದರೆ. ಅವನು ಕೂತಷ್ಟು ಹೊತ್ತೂ ದೀಪದ ಬೆಳಕನ್ನು ಅಳೆಯುತ್ತಿದ್ದ. ಲೆನ್ಸಿನ ಕಿಂಡಿ ಎರಡಕ್ಕೆ ತೆರೆದರೆ ಸಾಕು, ಸೆಕೆಂಡಿನ ಐದುನೂರರಲ್ಲಿ ಒಂದು ಪಾಲು ಕೊಟ್ಟರೆ ಅವಳು ಎತ್ತಿದ ಕೈ ಮಸುಕಾಗದು ಎಂದು ಮನಸ್ಸಿನಲ್ಲೇ ಕ್ಯಾಮೆರಾದ ಲೆಕ್ಕ ಹಾಕುತ್ತಿದ್ದ. ನೊಲೀನ್ ಪ್ರತಿ ಹಾಡಿನ ಪ್ರತಿ ಸಾಲಿಗೂ ತುಟಿ ಆಡಿಸುತ್ತಿದ್ದಳು. ಅದು ಅವನಿಗೆ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆಯೂ ಬೆಳಕಿನ ಲೆಕ್ಕ ಬಿಡಲಿಲ್ಲ.

ಐದು ಗಂಟೆಗೆ ಹತ್ತು ನಿಮಿಷ ಇರುವಾಗ ದೋಣಿಕಟ್ಟೆಯ ಹಾಡು ಬಂತು. ಎರಡನೆಯ ನುಡಿಯಲ್ಲಿ ಒಂದು ಚಪ್ಪಲಿ ಎಡಕ್ಕೆ, ಇನ್ನೊಂದು ಡ್ರಮ್ ಬಾರಿಸುವವನ ತಲೆಯ ಮೇಲೆ ಹಾದು ಹಿಂದಕ್ಕೆ ಹಾರಿತು. ಡಲ್ಸಿ ಬರಿಗಾಲನ್ನು ಅಗಲಿಸಿ ನಿಂತು, ತಲೆ ಹಿಂದಕ್ಕೆಸೆದು, ಎರಡೂ ಕೈ ಮೇಲೆತ್ತಿದಳು. ಪಶ್ಚಿಮದ ಕಿಟಕಿಯ ಬಿಸಿಲು ನೇರ ಅವಳ ಕುತ್ತಿಗೆಯ ಮೇಲೆ. ಸಭೆ ಪೂರ್ತಿ ನಿಂತು ಹಾಡುತ್ತಿತ್ತು. ಕ್ಲೈವ್‌ನ ತೊಡೆಯ ಮೇಲೆ ಕ್ಯಾಮೆರಾ ಇತ್ತು, ಅದಕ್ಕೆ ಉದ್ದನೆಯ ಲೆನ್ಸು ಇತ್ತು, ಅವನ ಮುಂದೆ ಎರಡು ತಲೆಗಳ ನಡುವೆ ಬೇಕಾದಷ್ಟು ಸಂದಿ ಇತ್ತು. ಆ ಹೊತ್ತಿನಲ್ಲಿ ಅವನನ್ನು ತಡೆಯುವವರು ಇನ್ನೂರು ಜನರಲ್ಲಿ ಒಬ್ಬರೂ ಇರಲಿಲ್ಲ.

"ತೆಗಿ" ಎಂದಳು ನೊಲೀನ್, ಹಾಡಿನ ನಡುವೆಯೇ.

ಅವನು ತೆಗೆಯಲಿಲ್ಲ. ತತ್ತ್ವಕ್ಕಾಗಿ ಬಯಸಿದ್ದನ್ನು ಬಿಟ್ಟವರಿದ್ದಾರೆ. ಅಂಥವರ ಮುಂದೆ ತಲೆ ಬಾಗಿಸಬಹುದು. ಕ್ಲೈವ್ ಬಿಟ್ಟದ್ದು ಒಂದು ಪ್ಲಾಸ್ಟಿಕ್ ಹೊದಿಕೆಯ ಹಾಳೆಗಾಗಿ. ಈಗ ತೆಗೆದರೆ, ಶ್ಯಾರನ್‌ಳ ಹೆಗಲು ತಟ್ಟಿದ ದಿನ ತಾನು ಮೂರ್ಖನಾಗಿದ್ದೆ ಎಂದು ಒಪ್ಪಿದಂತಾಗುತ್ತಿತ್ತು. ಅದೊಂದನ್ನು ಬಿಟ್ಟು ಬೇರೆ ಏನನ್ನಾದರೂ ಕಳೆದುಕೊಳ್ಳಲು ಅವನು ಸಿದ್ಧನಿದ್ದ.

ಬುಧವಾರ ಕಮಿಟಿ ಸೇರಿತು. ಕ್ಲೈವ್ ತಂದದ್ದು ಒಂದೇ ಚಿತ್ರ, ಮೂರನೆಯ ಹಾಡಿನದು. ಒಳ್ಳೆಯ ಕಾಗದ, ಚೂಪಾದ ಗೆರೆ, ರೆಪ್ಪೆಯ ಒಂದೊಂದು ಕೂದಲೂ ಎಣಿಸಬಹುದು. ಮರ್ವ್ ಅದನ್ನು ದೂರ ಹಿಡಿದ, ಹತ್ತಿರ ಹಿಡಿದ.

"ಚಪ್ಪಲಿ ಹಾಕಿದಾಳಲ್ಲಯ್ಯಾ."

"ಇದು ವ್ಯಕ್ತಿಚಿತ್ರ ಮರ್ವ್. ಸೊಂಟದಿಂದ ಮೇಲೆ ನೋಡು."

"ಮೇಲೆ ನೋಡಿದ್ರೆ ಬಸ್ಸಿಗೆ ಕಾಯೋ ಹಾಗಿದೆ. ಬರಿಗಾಲಿಂದು ಇದೆ ಅಂದಿದ್ಯಲ್ಲ?"

"ಅದಕ್ಕಿಂತ ಇದು ಉತ್ತಮ."

ಆಗ ಕಮಿಟಿಯಲ್ಲೇ ಇದ್ದ ಶ್ಯಾರನ್ ಮೇಜಿನ ಮೇಲೆ ತನ್ನ ಫೋನು ಜಾರಿಸಿದಳು. ಭಾನುವಾರ ಆ ಗಲಾಟೆಯಲ್ಲಿ ಅವಳೂ ಒಂದು ತೆಗೆದಿದ್ದಳು. ಹಾಳೆಯ ಕೆಳಗೇ ನಿಂತು. ಚಿತ್ರ ಎಡಕ್ಕೆ ವಾಲಿತ್ತು. ಅಂಚಿನಲ್ಲಿ ಯಾರದೋ ಮೊಣಕೈ, ಕೆಳಗೆ ಸಾಸೇಜಿನ ತಟ್ಟೆಯ ಮೂಲೆ. ನಡುವೆ ಡಲ್ಸಿ: ಬರಿಗಾಲು, ಬಿಸಿಲು, ಹಿಂದಕ್ಕೆ ಬಾಗಿದ ಕುತ್ತಿಗೆ. ಮೇಜಿನ ಸುತ್ತ ಇದ್ದವರೆಲ್ಲ ಫೋನಿನ ಮೇಲೆ ಬಗ್ಗಿದರು.

"ಇದು ಡಲ್ಸಿ" ಎಂದ ಮರ್ವ್. ಆಮೇಲೆ ಕ್ಲೈವ್ ಕಡೆ ತಿರುಗಿದ. "ನಿಂಗೆ ಗೊತ್ತಿರುತ್ತೆ. ಇದನ್ನ ಮೀಟರ್ ಎತ್ತರಕ್ಕೆ ಮಾಡಿಸಬಹುದಾ?"

ಮಾಡಿಸಬಹುದಿತ್ತು. ಮುಖದ ಮೇಲೆ ಕೊಂಚ ಮರಳು ಚೆಲ್ಲಿದಂತೆ ಕಾಣುತ್ತಿತ್ತು, ಅಷ್ಟೆ. ಆ ಗೋಡೆಯ ಚಿತ್ರವನ್ನು ಮೂರು ಮೀಟರಿಗಿಂತ ಹತ್ತಿರದಿಂದ ನೋಡುವವರು ಇಲ್ಲ, ಏಕೆಂದರೆ ವೇದಿಕೆಯ ಆ ತುದಿ ಗೋಡೆಯವರೆಗೂ ಚಾಚಿದೆ. ಆ ಕೋಣೆಯಲ್ಲಿ ಇದು ತಿಳಿದಿದ್ದ ಒಬ್ಬನೇ ಮನುಷ್ಯ ಕ್ಲೈವ್. ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ಶ್ಯಾರನ್ ಕೂಡ ನೋಡುತ್ತಿದ್ದಳು, ಅವನ ಮಾತನ್ನು ನಂಬಲು ಸಿದ್ಧಳಾಗಿ.

"ಆಗಲ್ಲ" ಎಂದ ಕ್ಲೈವ್. "ಫೋನಿಂದು. ಅಷ್ಟು ಹಿಗ್ಗಿಸಿದ್ರೆ ಮುಖ ಗಂಜಿ ಗಂಜಿ ಆಗುತ್ತೆ."

"ಅಯ್ಯೋ" ಎಂದಳು ಶ್ಯಾರನ್. "ಹೋಗ್ಲಿ ಬಿಡು, ನನಗೇನು ಗೊತ್ತಾಗುತ್ತೆ." ಫೋನು ಎತ್ತಿ ಜೇಬಿಗೆ ಹಾಕಿಕೊಂಡಳು.

ಹೀಗೆ ಕ್ಲೈವ್ ಪೆಂಡ್ರಿಯ ಹೆಸರು ಗೋಡೆಗೆ ಏರಿತು. ಅನಾವರಣದ ದಿನ ಅವನು ಹೊಸ ಕಪ್ಪು ಷರಟು ತೊಟ್ಟಿದ್ದ. ಮರ್ವ್ ಬಟ್ಟೆ ಎಳೆದ. ಜನ ಚಪ್ಪಾಳೆ ತಟ್ಟಿದರು, ಚೌಕಟ್ಟು ದೊಡ್ಡದಿತ್ತು, ಅದಕ್ಕೆ. ಡಲ್ಸಿ ಕನ್ನಡಕ ಏರಿಸಿ ತನ್ನ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಹಲ್ಲು ಚೆನ್ನಾಗಿ ಬಂದಿದೆ" ಎಂದಳು. ಕನ್ನಡಕ ತೆಗೆದು ಬಾರಿನ ಕಡೆ ನಡೆದಳು.

ಮುಂದಿನ ಭಾನುವಾರ ಕ್ಲೈವ್ ಬೇಗ ಬಂದ, ಫಲಕದ ಬಳಿ ನಿಂತು ಸುಮ್ಮನೆ ಸಮಯ ಕಳೆಯೋಣವೆಂದು. ಚೌಕಟ್ಟಿನ ಕೆಳಗಿನ ಬಲಮೂಲೆಯಲ್ಲಿ, ಗಾಜಿನ ಮೇಲೆ, ಪೋಸ್ಟ್‌ಕಾರ್ಡಿನಷ್ಟು ದೊಡ್ಡ ಒಂದು ಚಿತ್ರ ಅಂಟಿತ್ತು. ವಾಲಿದ ಚಿತ್ರ, ಮೊಣಕೈ, ಸಾಸೇಜು, ಬರಿಗಾಲಿನ ಡಲ್ಸಿ. ಸುತ್ತಮುತ್ತ ನೋಡಿ ಕಿತ್ತು ಜೇಬಿಗಿಟ್ಟ. ಅದರ ಮುಂದಿನ ಭಾನುವಾರ ಅದೇ ಮೂಲೆಯಲ್ಲಿ ಇನ್ನೊಂದು. ಅದನ್ನೂ ಕಿತ್ತ. ಅವನು ಕೀಳುವುದರೊಳಗೆ ಹೊಸದಾಗಿ ಬಂದವರು ವೇದಿಕೆ ಹತ್ತಿ ಗೋಡೆಯ ತನಕ ಹೋಗಿ ಬಗ್ಗಿ ನೋಡುವುದು ಆ ಪೋಸ್ಟ್‌ಕಾರ್ಡನ್ನೇ. "ಓ, ಇವಳಾ!" ಎನ್ನುತ್ತಿದ್ದರು. ಒಂದು ಮೀಟರ್ ಎತ್ತರದ ಚಿತ್ರ ಅವರ ತಲೆಯ ಮೇಲೆ ಗೋಡೆಯ ಬಣ್ಣದಂತೆ ಇರುತ್ತಿತ್ತು.

ಐದನೆಯದನ್ನು ಕಿತ್ತ ದಿನ ಕ್ಲೈವ್ ನೇರ ಲಾಟರಿಯ ಮೇಜಿಗೆ ಹೋದ.

"ನಿಲ್ಲಿಸ್ತೀಯಾ ಶ್ಯಾರನ್?"

"ಏನನ್ನ?"

ಅವನು ಪೋಸ್ಟ್‌ಕಾರ್ಡು ಮುಂದಿಟ್ಟ. ಶ್ಯಾರನ್ ನೋಡಿ ದೊಡ್ಡದಾಗಿ ನಕ್ಕಳು.

"ನಾನಲ್ಲಪ್ಪಾ! ಗಂಜಿ ಗಂಜಿ ಆಗುತ್ತೆ ಅಂತ ನೀನೇ ಹೇಳಿದ್ಯಲ್ಲ, ನಾನು ಯಾಕೆ ಮಾಡಿಸ್ಲಿ? ಆದ್ರೆ ಯಾರೇ ಅಂಟಿಸ್ಲಿ, ಅವರಿಗೆ ನನ್ನ ಕಡೆಯಿಂದ ಒಂದು ತಟ್ಟೆ ಚಾಪ್ಸು. ಸಿಕ್ರೆ ಹೇಳು."

ಅವಳು ಸುಳ್ಳು ಹೇಳುವವಳಲ್ಲ. ಅದು ಆ ಸಭಾಂಗಣದಲ್ಲಿ ಬೇರೊಬ್ಬರು ಮಾಡಿದ ಕೆಲಸ. ಕ್ಲೈವ್ ಮರ್ವ್‌ನನ್ನು ಅನುಮಾನಿಸಿದ, ವಾದ್ಯದವರನ್ನು ಅನುಮಾನಿಸಿದ, ಡಲ್ಸಿಯನ್ನೇ ಅನುಮಾನಿಸಿದ. ಹಾಡಿನ ಹೊತ್ತಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಕಾವಲು ಕೂತ. ಮೊದಲ ಮೂರು ಹಾಡಿಗೂ ಈಗ ಅವನಿಗೆ ಪುರುಸೊತ್ತಿರಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಕಾರಿನ ಕೀ ಕಾಣದೆ ಅವನು ನೊಲೀನಳ ಕೈಚೀಲಕ್ಕೆ ಕೈ ಹಾಕಿದ. ಫೋಟೋ ಅಚ್ಚು ಹಾಕಿಕೊಡುವ ಔಷಧದಂಗಡಿಯ ದಪ್ಪ ಲಕೋಟೆ ಸಿಕ್ಕಿತು, ಅದರ ಜೊತೆ ಒಂದು ಟೇಪಿನ ಸುರುಳಿ. ಲಕೋಟೆಯ ತುಂಬ ಬರಿಗಾಲಿನ ಡಲ್ಸಿ.

ನೊಲೀನ್ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಅವನು ಲಕೋಟೆಯನ್ನು ಹಲಗೆಯ ಪಕ್ಕಕ್ಕೆ ಇಟ್ಟ.

"ನೀನಾ?"

"ಹ್ಞೂಂ. ಶ್ಯಾರನ್ ಹತ್ರ ಫೋನಿಗೆ ಕಳಿಸು ಅಂದೆ, ಕಳಿಸಿದ್ಲು. ಕೇಳಿದೋರಿಗೆಲ್ಲ ಕಳಿಸಿದಾಳೆ. ಐವತ್ತು ಮಾಡಿಸಿದೆ. ನಲವತ್ತೊಂದು ಉಳಿದಿದೆ."

"ಯಾಕೆ ನೊಲೀನ್?"

"ಬಂದೋರಿಗೆ ಅವಳು ಹೇಗಿದ್ಲು ಅಂತ ಗೊತ್ತಾಗ್ಲಿ ಅಂತ." ಅವಳು ಚಾಕು ನಿಲ್ಲಿಸಲಿಲ್ಲ. "ಇನ್ನೊಂದು ವಿಷ್ಯ. ಔಷಧದಂಗಡಿ ಹುಡುಗಿನ ಕೇಳಿದೆ. ಇದನ್ನ ಮೀಟರ್ ಎತ್ತರಕ್ಕೆ ಮಾಡಬಹುದಾ ಅಂತ. ಧಾರಾಳವಾಗಿ ಆಗುತ್ತೆ ಅಂದ್ಲು."

ಕ್ಲೈವ್ ಕುರ್ಚಿ ಎಳೆದು ಕೂತ. ಹೆಂಡತಿಯ ಮುಖ ನೋಡಿದ. ಅಲ್ಲಿ ಸಿಟ್ಟು ಇರಲಿಲ್ಲ, ಕನಿಕರ ಇರಲಿಲ್ಲ. ಹುರುಳಿಕಾಯಿಯ ತೊಟ್ಟು ಮುರಿಯುವ ಗಮನ ಇತ್ತು.

"ಮರ್ವ್‌ಗೆ ಹೇಳಿದ್ಯಾ?"

"ನಾನ್ಯಾಕೆ ಹೇಳ್ಲಿ? ಸುಳ್ಳು ನಂದಾ?"

"ಮತ್ತೆ ನನ್ನ ಚಿತ್ರ?"

"ಅದು ಅಲ್ಲೇ ಇದೆಯಲ್ಲ. ಕೆಳಗೆ ನಿನ್ನ ಹೆಸರೂ ಇದೆ. ಅದನ್ನ ಯಾರು ಮುಟ್ಟಿದಾರೆ?"

ಯಾರೂ ಮುಟ್ಟಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಮರ್ವ್‌ನ ಬಳಿ ಹೋಗಿ ನಿಜ ಹೇಳಿ, ಚೌಕಟ್ಟಿನೊಳಗಿನ ಚಿತ್ರ ಬದಲಿಸುವ ದಾರಿ ಒಂದಿತ್ತು. ಅದು ಅವನ ಕಣ್ಣ ಮುಂದೆಯೇ ಇತ್ತು. ಅವನು ಅದನ್ನು ನೋಡಿದ. ನೋಡಿ ಪಕ್ಕಕ್ಕೆ ಸರಿದ. ಹಿತ್ತಾಳೆಯನ್ನು ಹೊಸದಾಗಿ ಕೆತ್ತಿಸಬೇಕಾದೀತು, ಶ್ಯಾರನ್ ಫರೂಜಾ ಎಂದು.

ಸ್ವಲ್ಪ ಹೊತ್ತಿನ ಮೇಲೆ ಟೇಪಿನ ಸುರುಳಿಯನ್ನು ಕೈಗೆತ್ತಿಕೊಂಡು, ಉಗುರಿನಿಂದ ಅದರ ತುದಿ ಎಬ್ಬಿಸಿ, ಕಸುಬುಗಾರನ ಕಣ್ಣಿನಿಂದ ಪರೀಕ್ಷಿಸಿದ.

"ಇದು ಗಾಜಿನ ಮೇಲೆ ಅಂಟು ಉಳಿಸುತ್ತೆ" ಎಂದ. "ನಾಳೆ ಹಾಕುವಾಗ ಶೆಡ್ಡಿನಲ್ಲಿರೋ ಬಿಳಿ ಟೇಪು ಹಾಕು."

"ಎಲ್ಲಿಟ್ಟಿದೀಯ?"

"ಎರಡನೇ ಖಾನೇಲಿ. ಅಚ್ಚುಗಳ ಹಿಂದೆ."

ನೊಲೀನ್ ಕೈ ಒರೆಸಿಕೊಂಡು ಅದನ್ನು ತರಲು ಶೆಡ್ಡಿನ ಕಡೆ ಹೋದಳು.